ವೀಸಾ ಬೇಡದ ಬೆಟ್ಟದ ದೇಶ

ಹೋದ ಬೇಸಿಗೆಯಲ್ಲಿ ನಮ್ಮ ಆಫೀಸಿನ ಸಹೋದ್ಯೋಗಿಯೊಬ್ಬರು ಯುರೋಪ್ ಟೂರ್ ಮುಗಿಸಿಕೊಂಡು ಬಂದರು. ಎಲ್ಲರಿಗೂ ಚಾಕಲೇಟ್ ಹಂಚಿ, ಆಮೇಲೆ ಪಾಸ್‌ಪೋರ್ಟ್ ತೆಗೆದು ಒಂದು ಮುದ್ರೆ ತೋರಿಸಿದರು. ಲಿಕ್ಟೆನ್‌ಸ್ಟೈನ್! ಸ್ವಿಟ್ಜರ್‌ಲೆಂಡ್ ಮತ್ತು ಆಸ್ಟ್ರಿಯಾ ನಡುವೆ ಸಿಕ್ಕಿಕೊಂಡಿರುವ ಪುಟ್ಟ ಗುಡ್ಡಗಾಡು ದೇಶ. ವಿಸ್ತೀರ್ಣ ಬರೀ 160 ಚದರ ಕಿಲೋಮೀಟರ್. ಗಡಿಯಲ್ಲಿ ತಡೆದು ಕೇಳುವವರೇ ಇಲ್ಲ, ಹಾಗಾಗಿ ಮುದ್ರೆ ಬೇಕಾದವರು ದುಡ್ಡು ಕೊಟ್ಟು ನೆನಪಿಗೆ ಹಾಕಿಸಿಕೊಳ್ಳಬೇಕಂತೆ. "ಬೆಳಿಗ್ಗೆ ಒಂದು ದೇಶ, ಮಧ್ಯಾಹ್ನದ ಊಟಕ್ಕೆ ಇನ್ನೊಂದು ದೇಶ! ಇಂಥದ್ದು ನಮ್ಮಲ್ಲಿ ಎಲ್ಲಿದೆ ಸಾರ್?" ಅಂದರು.

"ಇತ್ತು, ನಮ್ಮೂರ ಹತ್ತಿರಾನೇ" ಅಂದೆ. ತಮಾಷೆ ಮಾಡ್ತಿದ್ದೇನೆ ಅಂದುಕೊಂಡು ನಕ್ಕರು.

ನಾನು ಹೇಳಿದ್ದು ಸಂಡೂರಿನ ವಿಷಯ. ನನ್ನದು ಗಂಗಾವತಿ. ಅಲ್ಲಿಂದ ತುಂಗಭದ್ರೆ ದಾಟಿ, ಹೊಸಪೇಟೆ ಹಾದು ಒಂದೆರಡು ತಾಸು ಹೋದರೆ ಸಂಡೂರು. ನಾವು ಹೊಳೆಯ ಈಚೆ ನಿಜಾಮರ ಪ್ರಜೆಗಳು. ಆಚೆ ಬಳ್ಳಾರಿ ಸೀಮೆ 1800ರಿಂದ ಬ್ರಿಟಿಷರದು. ಆ ಬಳ್ಳಾರಿ ಜಿಲ್ಲೆಯ ಹೊಟ್ಟೆಯೊಳಗೆ, ಸುತ್ತ ಬೆಟ್ಟಗಳ ಗೋಡೆ ಕಟ್ಟಿಕೊಂಡು, ನಿಜಾಮರಿಗೂ ಸೇರದೆ ಮದ್ರಾಸಿಗೂ ಸೇರದೆ ಒಂದು ಸಂಸ್ಥಾನ ಇತ್ತು. ಸುಮಾರು 160 ಚದರ ಮೈಲಿ. ಕಿಲೋಮೀಟರ್ ಅಲ್ಲ, ಮೈಲಿ! ಅಂದರೆ ಲಿಕ್ಟೆನ್‌ಸ್ಟೈನ್‌ಗಿಂತ ಎರಡೂವರೆ ಪಟ್ಟು ದೊಡ್ಡದು. 1901ರ ಜನಗಣತಿಯಲ್ಲಿ ಅಲ್ಲಿದ್ದವರು 11,200 ಜನ.

ಇನ್ನೊಂದು ಹೋಲಿಕೆ ನೋಡಿ. ಲಿಕ್ಟೆನ್‌ಸ್ಟೈನ್ ಒಂದು ಸಂಸ್ಥಾನ ಅನ್ನಿಸಿಕೊಂಡಿದ್ದು 1719ರಲ್ಲಿ. ಮರಾಠಾ ಸರದಾರ ಸಿದ್ದೋಜಿರಾವ್ ಘೋರ್ಪಡೆ ಬೇಡರ ಪಾಳೆಯಗಾರನಿಂದ ಸಂಡೂರನ್ನು ಕಿತ್ತುಕೊಂಡಿದ್ದು 1728ರಲ್ಲಿ. ಒಂಬತ್ತೇ ವರ್ಷದ ಅಂತರ. ಸಿದ್ದೋಜಿಯ ಮಗ ಗುತ್ತಿಯ ಮುರಾರಿರಾವ್ ದಕ್ಷಿಣದಲ್ಲೆಲ್ಲ ಹೆಸರು ಮಾಡಿದ ದಂಡನಾಯಕ. 1776ರಲ್ಲಿ ಹೈದರಾಲಿ ಗುತ್ತಿಯನ್ನು ಗೆದ್ದು ಅವನನ್ನು ಸೆರೆಹಿಡಿದ. ಮುರಾರಿರಾವ್ ಕಬ್ಬಾಳದುರ್ಗದ ಸೆರೆಯಲ್ಲೇ ಸತ್ತ. ಸಂಡೂರೂ ಹೈದರನ ಕೈಗೆ, ಅವನ ನಂತರ ಟಿಪ್ಪುವಿನ ಕೈಗೆ ಹೋಯಿತು. ಆದರೂ ಘೋರ್ಪಡೆಯವರು ಬಿಡಲಿಲ್ಲ, ಮತ್ತೆ ಬಂದು ಕೂತರು.

ಇಷ್ಟು ಸಣ್ಣ ರಾಜ್ಯ ಉಳಿದದ್ದು ಹೇಗೆ ಅಂತ ಕೇಳಿದರೆ, ನನಗೆ ತುಂಬ ಇಷ್ಟವಾದ ಒಂದು ಪ್ರಸಂಗ ಇದೆ. 1815ರಲ್ಲಿ ಪೇಶ್ವೆ ಎರಡನೇ ಬಾಜಿರಾಯ ಸಂಡೂರಿನ ಮೇಲೆ ಕಣ್ಣಿಟ್ಟು, ಬೆಟ್ಟದ ಮೇಲಿನ ಕುಮಾರಸ್ವಾಮಿಯ ದರ್ಶನ ಅಂತ ನೆಪ ಹೇಳಿ ದಂಡು ಕಟ್ಟಿಕೊಂಡು ಬಂದ. ಆಗ ಇದ್ದ ದೊರೆ ಶಿವರಾವ್‌ಗೆ ಅನುಮಾನ ಬಂತು. ದೇವರ ದರ್ಶನಕ್ಕೆ ಬಂದವರನ್ನು ಬೇಡ ಅನ್ನೋದು ಹೇಗೆ? ಕಣಿವೆಯ ದಾರಿಗಳನ್ನು ಮುಚ್ಚಿಸಿ, ಪೇಶ್ವೆಯನ್ನೂ ಕೆಲವೇ ಪರಿವಾರದವರನ್ನೂ ಮಾತ್ರ ಗುಡಿಗೆ ಬಿಟ್ಟ. ಪೇಶ್ವೆ ಕೈಮುಗಿದು ವಾಪಸ್ಸು ಹೋದ!

ಆಮೇಲೆ ಪೇಶ್ವೆ ಇಂಗ್ಲಿಷರಿಗೆ ದುಂಬಾಲು ಬಿದ್ದ. 1817ರಲ್ಲಿ ಥಾಮಸ್ ಮನ್ರೋ ಸೈನ್ಯ ತಂದಾಗ ಶಿವರಾವ್ ಕಾಳಗ ಮಾಡದೆ ಸಂಡೂರನ್ನು ಒಪ್ಪಿಸಿಬಿಟ್ಟ. ಮರುವರ್ಷವೇ ಪೇಶ್ವೆಯ ಆಳ್ವಿಕೆ ಮುಗಿಯಿತು. ಇಂಗ್ಲಿಷರು ಶಿವರಾವ್‌ಗೆ ರಾಜ್ಯ ಹಿಂದಿರುಗಿಸಿದರು, 1826ರಲ್ಲಿ ಸನದು ಬರೆದುಕೊಟ್ಟರು. ಅಲ್ಲಿಂದ 1949ರ ಏಪ್ರಿಲ್‌ನಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ವಿಲೀನ ಆಗೋವರೆಗೆ ಸಂಡೂರು ಬೇರೆಯೇ ರಾಜ್ಯ. 1953ರಲ್ಲಿ ಬಳ್ಳಾರಿಯ ಜೊತೆ ಮೈಸೂರಿಗೆ ಸೇರಿತು.

ಸಣ್ಣ ರಾಜ್ಯ ಅಂದರೆ ಸಣ್ಣ ಮನಸ್ಸು ಅಂತಲ್ಲ. ಕುಮಾರಸ್ವಾಮಿ ದೇವಸ್ಥಾನದ ಬಾಗಿಲನ್ನು ದಲಿತರಿಗೆ ತೆರೆದದ್ದು 1932ರಲ್ಲಿ, ಯಶವಂತರಾವ್ ಘೋರ್ಪಡೆಯವರ ಕಾಲದಲ್ಲಿ. ಅಷ್ಟು ಹೆಸರಾದ ತಿರುವಾಂಕೂರಿನ ಘೋಷಣೆ ಬಂದದ್ದು 1936ರಲ್ಲಿ. 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದಿದ್ದರು. ಸಂಡೂರನ್ನು ನೋಡಬೇಕಾದರೆ ಸೆಪ್ಟೆಂಬರಿನಲ್ಲಿ ನೋಡಿ ಅಂತ ಅವರು ಹೇಳಿದ್ದರೆಂದು ಊರವರು ಇವತ್ತಿಗೂ ಹೇಳುತ್ತಾರೆ.

ಇಷ್ಟೆಲ್ಲ ಕೊರೆದ ಮೇಲೆ ಸುಮ್ಮನೆ ಕೂರೋದು ಹೇಗೆ? ಸೆಪ್ಟೆಂಬರಿನಲ್ಲಿ ಎರಡು ದಿನ ರಜೆ ಹಾಕಿದೆ. ಕಾಚಿಗುಡದಲ್ಲಿ ರಾತ್ರಿ ರೈಲು ಹತ್ತಿ, ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ, ಬಳ್ಳಾರಿಯಿಂದ ತೋರಣಗಲ್ಲು ಮೇಲೆ ಬಸ್ಸಿನಲ್ಲಿ ಹೋದೆ. ಮುದ್ರೆ ಹಾಕುವವರು ಯಾರೂ ಇರಲಿಲ್ಲ. ಆದರೆ ತಾರಾನಗರದ ಹತ್ತಿರ ನಾರಿಹಳ್ಳದ ಕಣಿವೆ ಕಂಡಾಗ, ಇದು ಗಡಿ ಅಂತ ಯಾರೂ ಹೇಳದೇ ಗೊತ್ತಾಯಿತು. ಮಳೆ ಬಂದು ಬೆಟ್ಟಗಳೆಲ್ಲ ಹಸಿರು. ಹಳ್ಳದ ನೀರು ಮಾತ್ರ ಕೆಂಪು.

ನಿಜ ಹೇಳಬೇಕೆಂದರೆ ಇದು ನನ್ನ ಮೊದಲ ಭೇಟಿ ಅಲ್ಲ. 2006ರಿಂದ ಎರಡು ವರ್ಷ ನನಗೆ ಬಳ್ಳಾರಿ ಕಡೆ ಪೋಸ್ಟಿಂಗ್ ಇತ್ತು. ಸಂಸಾರ ಇಲ್ಲಿ ನಾಂಪಲ್ಲಿಯಲ್ಲಿ, ನಾನು ಅಲ್ಲಿ. ಬೀಜಿಂಗ್ ಒಲಿಂಪಿಕ್ಸ್ ಮುಂದಿತ್ತು, ಚೀನಾಕ್ಕೆ ಎಷ್ಟು ಅದಿರು ಕಳಿಸಿದರೂ ಸಾಲದು ಅನ್ನೋ ಕಾಲ. ದಿನಾ ಟೇಬಲ್ ಮೇಲೆ ಲಾರಿ ಸಾಲದ ಅರ್ಜಿಗಳು. ನಾನು ಬಿಕಾಂ ಓದಿದವನು: ಆದಾಯ ನೋಡಿದೆ, ಕಂತು ಲೆಕ್ಕ ಹಾಕಿದೆ, ಸಹಿ ಹಾಕಿದೆ. ಲಾರಿಗೆ ಸವಕಳಿ ಹಿಡಿದೆ. ಬೆಟ್ಟಕ್ಕೂ ಸವಕಳಿ ಇದೆ ಅನ್ನೋದು ಯಾವ ಫಾರಂನಲ್ಲೂ ಇರಲಿಲ್ಲ, ನನ್ನ ತಲೆಯಲ್ಲೂ ಇರಲಿಲ್ಲ. ಆ ಎರಡು ವರ್ಷದಲ್ಲಿ ಒಂದು ಸಲವೂ ಕುಮಾರಸ್ವಾಮಿ ಬೆಟ್ಟ ಹತ್ತಲಿಲ್ಲ.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ರಸ್ತೆ ಪಕ್ಕ ಸಾಲಾಗಿ ನಿಂತವು. ನಾನು ಅಷ್ಟರಲ್ಲಿ ಹೈದರಾಬಾದಿಗೆ ವಾಪಸ್ಸು ಬಂದಾಗಿತ್ತು.

ಈ ಸಲ ಬೆಟ್ಟಕ್ಕೆ ಕರೆದುಕೊಂಡು ಹೋದ ಆಟೋದವರಿಗೆ ಹೆಚ್ಚುಕಡಿಮೆ ನನ್ನದೇ ವಯಸ್ಸು. ದಾರಿಯಲ್ಲಿ ಕೇಳಿದೆ, ಮೊದಲಿನಿಂದಲೂ ಆಟೋನೇನಾ ಅಂತ. "ಇಲ್ಲ ಸಾರ್, ಎರಡು ಲಾರಿ ಇದ್ವು. ಒಂದು ಬ್ಯಾಂಕಿನವರು ಒಯ್ದ್ರು, ಇನ್ನೊಂದು ನಾನೇ ಮಾರಿದೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನೀವೇನು ಕೆಲಸ ಮಾಡ್ತೀರಿ ಸಾರ್?" ಅಂತ ಕೇಳಿದರು. "ಆಫೀಸಿನಾಗ" ಅಂತಷ್ಟೇ ಹೇಳಿದೆ.

ಮೇಲೆ ಕುಮಾರಸ್ವಾಮಿ ಗುಡಿ, ಪಕ್ಕದಲ್ಲೇ ಪಾರ್ವತಿಯ ಹಳೆಯ ಗುಡಿ. ಸಾವಿರ ವರ್ಷ ದಾಟಿದ ಕಲ್ಲುಗಳು. ಕಾಲ ಕೆಳಗಿನ ಬಂಡೆಗಳಿಗೆ ಸುಮಾರು 270 ಕೋಟಿ ವರ್ಷ ವಯಸ್ಸು ಅಂತಾರೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1895ರಲ್ಲೇ ಬಳ್ಳಾರಿ ಜಿಲ್ಲೆಯ ಕಲ್ಲುಗಳ ಮೇಲೆ ಪುಸ್ತಕ ಬರೆದಿದ್ದ. ಗುಡಿಯಿಂದ ವಾಪಸ್ಸು ಬರುವಾಗ ಆಟೋದವರು ಒಂದು ತಿರುವಿನಲ್ಲಿ ನಿಲ್ಲಿಸಿ ಕೈ ತೋರಿಸಿದರು: "ಅಲ್ಲಿ ಒಂದು ಗುಡ್ಡ ಇತ್ತು ಸಾರ್." ನೋಡಿದೆ. ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಕೆಂಪು ನೆಲ, ಅದರಾಚೆ ಆಕಾಶ.

ಹೈದರ್ ಬಂದ, ಟಿಪ್ಪು ಬಂದ, ಪೇಶ್ವೆ, ಮನ್ರೋ ಎಲ್ಲರೂ ಬಂದರು. ಯಾರು ಬಂದರೂ ಬೆಟ್ಟಗಳು ಇದ್ದಲ್ಲೇ ಇದ್ದವು, ಬೆಟ್ಟಗಳಿದ್ದ ತನಕ ಸಂಡೂರು ಸಂಡೂರಾಗಿಯೇ ಇತ್ತು. 1949ರಲ್ಲಿ ಹೋದದ್ದು ಗಾದಿ ಮಾತ್ರ. ಆ ದೇಶದ ಗಡಿಗೋಡೆಯನ್ನು ನಿಜವಾಗಿ ಇಳಿಸಿದವರು ಲಾರಿಗಳಲ್ಲಿ ತುಂಬಿಸಿ ಕಳಿಸಿದ ನಾವು. ಪೇಶ್ವೆಯ ದಂಡು ಹೋಗಲಾಗದ ದಾರಿಯಲ್ಲಿ ನನ್ನ ಸಹಿ ಹೋಗಿಬಂದಿದೆ.

ನಮ್ಮ ಮನೆಯಿಂದ ಮಾಸಾಬ್ ಟ್ಯಾಂಕಿಗೆ ಹೆಚ್ಚು ದೂರ ಇಲ್ಲ. ಅಲ್ಲಿರುವ ಖನಿಜ ಭವನ ಎನ್‌ಎಂಡಿಸಿಯ ಕೇಂದ್ರ ಕಚೇರಿ. ಸಂಡೂರು ತಾಲ್ಲೂಕಿನ ದೋಣಿಮಲೈಯಲ್ಲಿ 1977ರಿಂದ ಅದಿರು ತೆಗೆಯುತ್ತಿರುವ ಸರಕಾರಿ ಕಂಪನಿ ಇದೇ. ಎಷ್ಟೋ ವರ್ಷದಿಂದ ಅದರ ಮುಂದೆಯೇ ಓಡಾಡಿದ್ದೇನೆ, ಯಾವತ್ತೂ ತಲೆ ಎತ್ತಿ ನೋಡಿರಲಿಲ್ಲ. ಅದಿರು ಬೇಡ ಅಂತ ನಾನು ಹೇಳಲಾರೆ. ಈ ಊರಿನ ಮೆಟ್ರೋ ಕಂಬದೊಳಗೂ ಕಬ್ಬಿಣ ಇದೆ. ಆದರೆ ಅದು ಎಲ್ಲಿಂದ ಬಂತು ಅನ್ನೋದನ್ನು ನಮ್ಮಂಥವರು ಒಂದು ಸಲ ಹೋಗಿ ನೋಡಿ ಬರಬೇಕು.

ಸಹೋದ್ಯೋಗಿಗೆ ಫೋಟೋ ತೋರಿಸಿದೆ. "ಅರೆ, ಸ್ವಿಟ್ಜರ್‌ಲೆಂಡ್ ಥರಾನೇ ಇದೆಯಲ್ಲ ಸಾರ್" ಅಂದರು. ಅವರ ಪಾಸ್‌ಪೋರ್ಟಿನಲ್ಲಿ ಮುದ್ರೆ ಇದೆ. ನನ್ನದು ಷೂಗಳ ಮೇಲಿದೆ. ಎರಡು ಸಲ ತೊಳೆದರೂ ಆ ಕೆಂಪು ಇನ್ನೂ ಪೂರ್ತಿ ಹೋಗಿಲ್ಲ.

ಮುಂದಿನ ಸೆಪ್ಟೆಂಬರಿನಲ್ಲಿ ನೀವೂ ಹೋಗಿ ಬನ್ನಿ. ತಡ ಮಾಡಬೇಡಿ.