ಗೋಲ್ಡ್‌ಬರ್ಗ್–ಲೆಸ್ನರ್ ಪಂದ್ಯ (2004)

ವೃತ್ತಿಪರ ಕುಸ್ತಿಯ ಕುಖ್ಯಾತ ಸಪ್ಪೆ ಪಂದ್ಯಗಳಲ್ಲೊಂದು. 2004ರ ಮಾರ್ಚ್ 14ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ಡಬ್ಲ್ಯುಡಬ್ಲ್ಯುಇ ಕುಸ್ತಿ ಸಂಸ್ಥೆಯ ವಾರ್ಷಿಕ ಕೂಟವಾದ 20ನೆಯ ರೆಸಲ್‌ಮೇನಿಯಾದಲ್ಲಿ ನಡೆಯಿತು. ಬಿಲ್ ಗೋಲ್ಡ್‌ಬರ್ಗ್, ಬ್ರಾಕ್ ಲೆಸ್ನರ್ ಇಬ್ಬರೂ ಡಬ್ಲ್ಯುಡಬ್ಲ್ಯುಇ ಬಿಡುತ್ತಿರುವ ಸುದ್ದಿ ಮೊದಲೇ ಬಯಲಾಗಿತ್ತು. ಲೆಸ್ನರ್‌ಗೆ ಅಮೆರಿಕನ್ ಫುಟ್ಬಾಲ್ ಸೇರುವ ಹಂಬಲ. ಇಂಥ ಕುಸ್ತಿಯ ಫಲಿತಾಂಶ ಪೂರ್ವನಿಗದಿತವೆಂಬುದನ್ನು ಮರೆಯಲು ಪ್ರೇಕ್ಷಕ ಸಿದ್ಧನಿರುತ್ತಾನೆ. ಆದರೆ ಮಲ್ಲರಿಗೇ ಮನಸ್ಸಿಲ್ಲವೆಂದು ಗೊತ್ತಾದ ಮೇಲೆ ಆಟ ಕಳೆಗಟ್ಟುವುದು ಕಷ್ಟ. ಗಂಟೆ ಬಾರಿಸಿದ ಮೇಲೂ ಇಬ್ಬರೂ ಮೈ ತಾಗಿಸದೆ, ನಿಮಿಷಗಟ್ಟಲೆ ದುರುಗುಟ್ಟಿಕೊಂಡು ನಿಂತರು. ಸಭಾಂಗಣ ಬೀಳ್ಕೊಡುಗೆಯ ಹಾಡು ಹಾಡಿತು, ‘ನಿನ್ನನ್ನೇ ಮಾರಿಕೊಂಡೆ’ ಎಂದು ಲೆಸ್ನರ್‌ನನ್ನು ಮೂದಲಿಸಿತು. ಗೆದ್ದದ್ದು ಗೋಲ್ಡ್‌ಬರ್ಗ್, ಚಪ್ಪಾಳೆ ಗಿಟ್ಟಿದ್ದು ಮಾತ್ರ ಕೊನೆಗೆ ಇಬ್ಬರನ್ನೂ ಕೆಡವಿದ ಅತಿಥಿ ತೀರ್ಪುಗಾರ ಸ್ಟೀವ್ ಆಸ್ಟಿನ್‌ಗೆ. 2017ರ ರೆಸಲ್‌ಮೇನಿಯಾದಲ್ಲಿ ಇದೇ ಜೋಡಿ ಐದು ನಿಮಿಷದೊಳಗೆ ಮುಗಿಸಿದ ಮರುಪಂದ್ಯ ಮೆಚ್ಚುಗೆ ಗಳಿಸಿತು.