ಅಂಧರ ಅಂಗಸಾಧನೆ

ಆಟದ ಗಂಟೆ ಬಾರಿಸಿದೊಡನೆ ಕಣ್ಣು ಕಾಣದ ಬಾಲಕನನ್ನು ಮರದ ನೆರಳಿನಲ್ಲಿ ಕುಳ್ಳಿರಿಸುವುದೇ ಕರುಣೆಯೆಂದು ಬಹುಕಾಲ ಭಾವಿಸಿದ್ದರು. ಈ ಕರುಣೆಯೇ ಕೇಡೆಂದು ಅರಿತವರಲ್ಲಿ ಫ್ರಾನ್ಸಿಸ್ ಜೋಸೆಫ್ ಕ್ಯಾಂಪ್‌ಬೆಲ್ಲರೊಬ್ಬರು. 1832ರಲ್ಲಿ ಅಮೆರಿಕದ ಟೆನ್ನೆಸೀ ಪ್ರಾಂತದಲ್ಲಿ ಜನಿಸಿದ ಇವರು ಬಾಲ್ಯದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡರು. 1872ರಲ್ಲಿ, ತಾವೂ ಮಂದದೃಷ್ಟಿಯವರಾಗಿದ್ದ ವೈದ್ಯ ಆರ್ಮಿಟೇಜರೊಡನೆ, ಲಂಡನ್ನಿನಲ್ಲಿ ಅಂಧರಿಗಾಗಿ ರಾಯಲ್ ನಾರ್ಮಲ್ ಕಾಲೇಜನ್ನು ಸ್ಥಾಪಿಸಿದರು.

ಸಂಗೀತವು ಅಲ್ಲಿನ ಮುಖ್ಯ ವಿದ್ಯೆ. ಆದರೆ ಮೈಯಲ್ಲಿ ಕಸುವೂ ನಡಿಗೆಯಲ್ಲಿ ಧೈರ್ಯವೂ ಇಲ್ಲದವನಿಗೆ ಕಲಿತ ವಿದ್ಯೆಯೊಂದರಿಂದಲೇ ಜೀವನವು ಸಾಗದೆಂಬುದು ಅವರ ಮತ. ಆದುದರಿಂದ ಅಂಗಸಾಧನೆ, ಈಜು, ಮಂಜುಗಡ್ಡೆಯ ಮೇಲಣ ಜಾರಾಟಗಳೂ ಶಿಕ್ಷಣದಲ್ಲಿ ಸೇರಿದುವು. 1880ರಲ್ಲಿ ಅವರೇ ಆಲ್ಪ್ಸ್ ಪರ್ವತದ, 15,000 ಅಡಿಗಳಿಗೂ ಮಿಗಿಲಾದ ಮೌಂಟ್ ಬ್ಲಾಂಕ್ ಶಿಖರವನ್ನೇರಿದರು. ಶಿಷ್ಯರಿಗೆ ಬೋಧಿಸಿದುದನ್ನು ಗುರುವೇ ಮಾಡಿ ತೋರಿಸಿದಂತಾಯಿತು.

ಬಯಲಿನ ಅಂಚಿನಲ್ಲಿ ಒಂಟಿಯಾಗಿ ಕುಳಿತ ಮಗುವನ್ನು ಕಂಡಾಗಲೆಲ್ಲ ಉಪಾಧ್ಯಾಯರು ಈ ಆರೋಹಣವನ್ನು ನೆನೆಯಬೇಕು.