ಪುಟ ಕಟ್ಟುವ ಹೊಣೆ ಯಾರದು?

1990ರ ದಶಕದಲ್ಲಿ, ಸಿಜಿಐ ಮತ್ತು ಪಿಎಚ್‌ಪಿ ಬಂದ ಹೊಸತರಲ್ಲಿ, ವೆಬ್ ಪುಟವನ್ನು ಸರ್ವರೇ ಸಿದ್ಧಪಡಿಸಿ ಕಳಿಸುತ್ತಿತ್ತು. 2004ರ ಜಿಮೇಲ್ ಜಾವಾಸ್ಕ್ರಿಪ್ಟ್‌ನ ಶಕ್ತಿ ತೋರಿಸಿದ ಮೇಲೆ ಆ ಕೆಲಸ ಕ್ರಮೇಣ ಬಳಕೆದಾರರ ಬ್ರೌಸರಿಗೆ ಸರಿಯಿತು. 2010ರಲ್ಲಿ ಟ್ವಿಟರ್ ಕೂಡ ಇದೇ ಹಾದಿ ಹಿಡಿದು, 2012ರಲ್ಲಿ ಸರ್ವರಿಗೆ ಮರಳಿತು. ಪುಟ ಮೊದಲ ಸಲ ತೆರೆದುಕೊಳ್ಳುವ ಸಮಯ ಐದನೇ ಒಂದು ಭಾಗಕ್ಕೆ ಇಳಿಯಿತೆಂದು ಅದರ ಎಂಜಿನಿಯರುಗಳೇ ವರದಿ ಮಾಡಿದರು. ಹಾಗಾಗಿ ಈ ಮರಳುವಿಕೆಗೆ ಕಾರಣ ಹಳೆಯದರ ಮೋಹವಲ್ಲ, ಅಳತೆ.

ಸರ್ವರಿನ ಖರ್ಚು ಹೆಚ್ಚುತ್ತದೆಂಬ ಆಕ್ಷೇಪ ನಿಜವೇ. ಆದರೆ ಸರ್ವರ್ ಇಳಿಸಿದ ಹೊರೆ ಮಾಯವಾಗದು. ಅಗ್ಗದ ಫೋನು, ನಿಧಾನದ ನೆಟ್‌ವರ್ಕ್ ಉಳ್ಳವರ ಹೆಗಲೇರುತ್ತದೆ. ದಿನವಿಡೀ ತೆರೆದಿಟ್ಟು ದುಡಿಯುವ ಅಪ್ಲಿಕೇಶನ್‌ಗೆ ಬ್ರೌಸರ್ ಸರಿ. ಓದಲು ಬಂದವರಿಗೆ ಮೊದಲ ಪುಟ ಸರ್ವರಿನಿಂದಲೇ ಸಿದ್ಧವಾಗಿ ಬರಬೇಕು.